ಸವೆದ ಪಿಸ್ಟನ್

ಮೆಕ್ಯಾನಿಕ್ ಕಾರಿನ ಎಂಜಿನ್ ಬಿಚ್ಚಿ, ಪಿಸ್ಟನ್‌ಗಳನ್ನು ಬೆಂಚಿನ ಮೇಲೆ ಇಟ್ಟಿದ್ದ. ಎಲ್ಲವೂ ಸವೆದಿದ್ದವು.

"ಘಾಟಿ ಹತ್ತಿಸಿಕೊಂಡು ತವರಿಗೆ ಹೋದೆಯಲ್ಲ, ನೋಡು ನಿನ್ನ ಕೈಗುಣ!" ಗಂಡ ಹೆಂಡತಿಯನ್ನು ಗದರಿದ. "ಇನ್ನೊಂದ್ಸಲ ಸ್ಟಿಯರಿಂಗ್ ಮುಟ್ಟಿದ್ರೆ ಕೈ ಮುರೀತೀನಿ."

ಅವಳು ಮೆಕ್ಯಾನಿಕ್‌ನನ್ನು ಕೇಳಿದಳು, "ಒಂದ್ಸಲ ಘಾಟಿ ಹತ್ತಿದ್ದಕ್ಕೆ ಇಷ್ಟು ಸವೆಯುತ್ತಾ?"

"ಇಲ್ಲಮ್ಮ. ದೂರ ಓಡಿದ ಎಂಜಿನ್ ಹೀಗಾಗಲ್ಲ. ಇದನ್ನ ಬಿಸಿಯಾಗೋಕೇ ಬಿಟ್ಟಿಲ್ಲ. ದಿನಾ ಸ್ಟಾರ್ಟ್ ಮಾಡಿ, ಎರಡು ಬೀದಿ ಹೋಗಿ, ಆಫ್ ಮಾಡಿದಾರೆ. ಪೆಟ್ರೋಲು ಆಯಿಲ್‌ಗೆ ಸೇರಿ ಹೀಗೆ ತಿಂದುಹಾಕಿದೆ."

"ತಲೆಹರಟೆ ಮಾಡ್ಬೇಡ! ದಿನಾ ಇದರಲ್ಲೇ ಅಷ್ಟು ದೂರ ಹಾಸನದ ಆಫೀಸಿಗೆ ಹೋಗಿ ಬರ್ತೀನಿ ಕಣಯ್ಯಾ" ಎಂದು ಗಂಡ ರೇಗಿದ.

ಅವಳು ಅವನತ್ತ ತಿರುಗಿದಳು.

"ರೀ, ಎರಡು ಬೀದಿ ಆಚೆ ಇರೋದು ಯಾರ ಮನೆ?"