ಬೂಶ್ತಾನ ಮನೆಯ ಉಪ್ಪು

ಬೆನಿ ಮೆಲ್ಲಾಲ್ ಊರಿನ ಹೊರಗೆ ಪೊಲೀಸಿನವನು ಕೈ ಅಡ್ಡ ಹಿಡಿದಾಗ ಚೂರಿ ಹಿಂದಿನ ಸೀಟಿನಲ್ಲಿತ್ತು, ನಾಲ್ಕು ವರ್ಷದ ಇಲ್ಯಾಸ್ ಕೂತಿದ್ದ ಕಂಬಳಿಯ ಅಡಿಯಲ್ಲಿ. ಅಲ್ಲಾಲ್ ಕಾರಿನ ಗಾಜು ಇಳಿಸಿದ. ಪೊಲೀಸಿನವನು ಇಣುಕಿ ನೋಡಿದ. ಇಲ್ಯಾಸ್ ರಚ್ಚೆ ಹಿಡಿದಿದ್ದ. ಆರು ವರ್ಷದ ಅಕ್ಕ ಘಿತಾ ಅವನನ್ನು ಚಿವುಟುತ್ತಿದ್ದಳು.

"ಮಕ್ಕಳಿಗೆ ಹಸಿವು, ಸಾಹೇಬ್ರೇ," ಎಂದಳು ಅಲ್ಲಾಲನ ಹೆಂಡತಿ ಶಾಮಾ.

"ಹಂಗಾದ್ರೆ ಬೇಗ ಹೋಗಿ ಏನಾದ್ರೂ ತಿನ್ಸಮ್ಮ," ಎಂದು ಅವನು ದಾರಿ ಬಿಟ್ಟ.

ಅಲ್ಲಾಲ್ ಹೆಂಡತಿಯನ್ನು ಮೆಚ್ಚುಗೆಯಿಂದ ನೋಡಿದ. ಮಕ್ಕಳನ್ನೂ ಕರೆದುಕೊಂಡು ಹೋಗೋಣ ಎಂದು ಹಟ ಹಿಡಿದವಳು ಅವಳೇ. ಒಂಟಿ ಗಂಡಸನ್ನು ಹತ್ತು ಕಡೆ ತಡೆದು ಕೇಳುತ್ತಾರೆ, ಸಂಸಾರ ಸಮೇತ ಹೊರಟವನನ್ನು ಯಾರೂ ಕೇಳುವುದಿಲ್ಲ ಎಂದಿದ್ದಳು. ಎಂಥ ತಲೆ ಇವಳದು ಎಂದುಕೊಂಡ.

ಹೊರಟಿದ್ದು ತೆತ್ವಾನಿನಿಂದ, ಹೋಗಬೇಕಾದದ್ದು ಮರಾಕೇಶಿಗೆ. ಹನ್ನೊಂದು ವರ್ಷದ ಹಿಂದೆ ಅಲ್ಲಾಲನ ಅಣ್ಣ ಮಿಮೂನನಿಗೆ ಲಾರಿ ಗುದ್ದಿಸಿ, ಇನ್ನೂ ಉಸಿರಾಡುತ್ತಿದ್ದವನನ್ನು ಮೋರಿಗೆ ಎಳೆದು ಹಾಕಿ ಹೋದವನು ಅರ್ಧ ಎಡಗಿವಿ ಇಲ್ಲದ ಬೂಶ್ತಾ. ನೋಡಿದವರೆಲ್ಲ ಬಾಯಿ ಹೊಲಿದುಕೊಂಡರು. ಬೂಶ್ತಾ ರಾಜಾರೋಷವಾಗಿ ಊರು ಬಿಟ್ಟ. ಅವನ ವಿಳಾಸ ಸಿಕ್ಕಿದ್ದು ಈ ವರ್ಷ. ಅಲ್ಲಾಲನದು ಮಾಂಸದ ಅಂಗಡಿ, ಚೂರಿಗೆ ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ.

ಕೊಂದ ಮೇಲೆ ಜೈಲು ಖಂಡಿತ ಎಂಬುದೂ ಗೊತ್ತಿತ್ತು. ಇಲ್ಯಾಸನ ಮದುವೆಗಾದರೂ ಹೊರಗೆ ಬರುತ್ತೀಯಾ ಎಂದು ಶಾಮಾ ಒಂದೇ ಒಂದು ಸಲ ಕೇಳಿದ್ದಳು. ಅವನು ಚೂರಿ ಮಸೆಯುತ್ತಲೇ ಇದ್ದ. ಆಮೇಲೆ ಅವಳು ಆ ಮಾತನ್ನೇ ಎತ್ತಲಿಲ್ಲ. ರೊಟ್ಟಿ ಸುಟ್ಟು, ಮೊಟ್ಟೆ ಬೇಯಿಸಿ ಬುತ್ತಿ ಕಟ್ಟಿಕೊಂಡು ಕಾರು ಹತ್ತಿದಳು.

ಅಲ್ಲಾಲನಿಗೆ ಇದ್ದದ್ದು ಒಂದೇ ಭಯ, ಉಪ್ಪಿನದು. ಯಾರ ಮನೆಯ ರೊಟ್ಟಿ, ಉಪ್ಪು ಹೊಟ್ಟೆಗೆ ಹೋಯಿತೋ ಅವರ ಮೇಲೆ ಕೈ ಎತ್ತುವ ಹಾಗಿಲ್ಲ. ಎತ್ತಿದರೆ ಆ ಉಪ್ಪು ಮಕ್ಕಳ ತಲೆಗೇ ಸುತ್ತಿಕೊಳ್ಳುತ್ತದೆ. ಅವನ ಬೆಟ್ಟದ ಜನ ಪೊಲೀಸರಿಗೆ ಹೆದರದಿದ್ದರೂ ಇದಕ್ಕೆ ಹೆದರುವವರು.

"ಆ ಮನೇದು ಒಂದು ಚೂರೂ ಬಾಯಿಗೆ ಹಾಕ್ಬಾರ್ದು," ಎಂದು ಮಕ್ಕಳಿಗೆ ಹೇಳಿದ್ದ. "ನೀವು ತಿಂದ್ರೂ ಒಂದೇ, ನಾನು ತಿಂದ್ರೂ ಒಂದೇ."

ತಿಂದರೆ ಹಲ್ಲು ಉದುರಿಸುತ್ತೇನೆ ಎಂದು ಶಾಮಾ ಕೂಡ ಗದರಿದ್ದಳು.

ಮೆಕ್ನೆಸ್‌ನಲ್ಲಿ ಹಿಂದಿನ ರಾತ್ರಿ ಶಾಮಾಳ ಅಕ್ಕನ ಮನೆಯಲ್ಲಿ ತಂಗಿದ್ದರು. ಬೆಳಗಿನ ನಮಾಜು ಮುಗಿದದ್ದೇ ತಡ, ಚಹಾಕ್ಕೂ ಬಿಡದೆ ಎಲ್ಲರನ್ನೂ ಹೊರಡಿಸಿದಳು. ಅಜ್ರೂ ಊರು ದಾಟುವಾಗ ಇಲ್ಯಾಸ್ ರೊಟ್ಟಿ ಕೇಳಿದ. ಬುತ್ತಿ ಮುಗಿಯಿತು, ಅಕ್ಕನ ಮಕ್ಕಳು ಒಂದು ಚೂರೂ ಬಿಡಲಿಲ್ಲ ಎಂದು ಬುಟ್ಟಿಯನ್ನು ಕಾಲಿನಿಂದ ಸೀಟಿನ ಅಡಿಗೆ ತಳ್ಳಿದಳು. ಮಗು ಅತ್ತಿತು. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಈಗ ಬೆನಿ ಮೆಲ್ಲಾಲ್ ದಾಟುತ್ತಲೇ ರಸ್ತೆ ಬದಿಯಲ್ಲಿ ಮಾಂಸ ಸುಡುವ ಹೊಗೆ ಎದ್ದಿತ್ತು. ಅಲ್ಲಾಲನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ನಿಲ್ಲಿಸ್ಬೇಡ," ಎಂದಳು ಶಾಮಾ. "ನಾಲ್ಕು ಗಂಟೆಗೆ ಅವ್ನು ಸಂತೆಗೆ ಹೋಗ್ತಾನಂತೆ. ಹನ್ನೊಂದು ವರ್ಷ ಕಾದಿದ್ದು ಎರಡು ತುಂಡು ಮಾಂಸಕ್ಕೆ ಹಾಳಾಗ್ಬೇಕಾ?"

ಹಿಂದೆ ಮಕ್ಕಳು ಗಂಟಲು ಹರಿದುಕೊಂಡರು. ಎಂಥ ತಾಯಿಯೋ! ಕಟುಕನ ಕರುಳೇ ಚುರುಕ್ ಎಂದಿತು, ಅವಳದು ಅನ್ನಲಿಲ್ಲ. ಅವನು ವೇಗ ಹೆಚ್ಚಿಸಿದ.

ಮರಾಕೇಶಿನ ಅಂಚಿನಲ್ಲಿ, ಕೆಮ್ಮಣ್ಣಿನ ಗೋಡೆಯ ಆ ಮನೆಯ ಮುಂದೆ ಕಾರು ನಿಂತಾಗ ಮೂರೂವರೆ. ಶಾಮಾ ಮತ್ತು ಮಕ್ಕಳು ಕಾರಿನಲ್ಲೇ ಇರಬೇಕು, ಅಲ್ಲಾಲ್ ಎಂಜಿನ್ನಿಗೆ ನೀರು ಕೇಳುವ ನೆಪದಲ್ಲಿ ಒಳಗೆ ಹೋಗಬೇಕು ಎಂದು ಮಾತಾಗಿತ್ತು. ನಿಲುವಂಗಿಯ ತೋಳಿನೊಳಗೆ ಚೂರಿ ಸೇರಿಸಿಕೊಂಡು ಹೋದ.

ಬಾಗಿಲು ತೆರೆದವನು ಬೆನ್ನು ಬಾಗಿದ ಮುದುಕ. ಎಡಗಿವಿ ಅರ್ಧ ಇಲ್ಲ. ಅದೇ ಕಿವಿ. ಅಂಗಳದಲ್ಲಿ ಅವನ ಹೆಂಡತಿ ಮಣ್ಣಿನ ಒಲೆಯಿಂದ ರೊಟ್ಟಿ ತೆಗೆಯುತ್ತಿದ್ದಳು. ಮೊದಲು ತಿನ್ನು, ನೀರು ಆಮೇಲೆ ಎಂದು ಮುದುಕ ಉಪಚಾರ ಮಾಡಿದ. ಅಲ್ಲಾಲ್ ಒಲ್ಲೆ ಎಂದು, ಒಂದು ಗುಟ್ಟಿನ ಮಾತಿದೆ ಎಂದು ಅವನನ್ನು ಕೋಣೆಯೊಳಗೆ ಕರೆದು ಬಾಗಿಲು ಮುಂದೆ ಮಾಡಿದ. ಹೆಸರು ಹೇಳದೆ ಕೊಲ್ಲಲು ಅವನಿಗೆ ಇಷ್ಟವಿರಲಿಲ್ಲ.

"ತೆತ್ವಾನಿನ ಮಿಮೂನ್ ನೆನಪಿದಾನಾ?"

ಮುದುಕನ ಮುಖ ಬಿಳಿಚಿಕೊಂಡಿತು. "ನೀನು ಅವ್ನ ತಮ್ಮ," ಎಂದ. ಓಡಲಿಲ್ಲ. ಅಲ್ಲಾಲ್ ಚೂರಿ ಹೊರತೆಗೆದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಹಾಯೆನಿಸಿತು.

ಬಾಗಿಲು ಕಿರ್ರೆಂದಿತು. ಇಲ್ಯಾಸ್ ನಿಂತಿದ್ದ. ಎರಡು ಕೆನ್ನೆಯೂ ಉಬ್ಬಿದ್ದವು, ಗಲ್ಲದ ಮೇಲೆ ಎಣ್ಣೆ ಇಳಿದಿತ್ತು.

"ಅಜ್ಜಿ ಕೊಟ್ರು, ಬಾಬಾ. ಉಪ್ಪು ಹಾಕಿ ಕೊಟ್ರು."

ಅಲ್ಲಾಲ್ ನುಗ್ಗಿ ಬಂದು ಮಗನ ಬಾಯಿಗೆ ಬೆರಳು ಹಾಕಿದ. ಅಷ್ಟರಲ್ಲಿ ನುಂಗಿಯಾಗಿತ್ತು. ಹಿಂದೆ ಘಿತಾ ಎರಡನೆಯ ರೊಟ್ಟಿ ಮುರಿಯುತ್ತಿದ್ದಳು. ಶಾಮಾ ಓಡಿಬಂದು ತಲೆ ಚಚ್ಚಿಕೊಂಡಳು. ಹುಡುಗನಿಗೆ ಒಂದಕ್ಕೆ ಅವಸರವಾಯಿತು, ಒಳಗೆ ಕರೆತಂದೆ, ತಿರುಗಿ ನೋಡುವಷ್ಟರಲ್ಲಿ ಈ ಅನಾಹುತ ಎಂದು ಹುಯಿಲಿಟ್ಟಳು.

ಅಲ್ಲಾಲನ ಕೈ ತಾನಾಗಿ ಇಳಿಯಿತು. ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟ. ಅಣ್ಣನ ಗೋರಿಯ ಮುಂದೆ ಕೊಟ್ಟ ಮಾತು ಮಣ್ಣುಪಾಲಾಗಿತ್ತು.

ಹೊರಡುವ ಮೊದಲು ಶಾಮಾ ಮುದುಕನ ಎದುರು ನಿಂತಳು. "ನಿನ್ನ ಉಳಿಸಿದ್ದು ಉಪ್ಪು, ನಾವಲ್ಲ. ಇನ್ನು ಪ್ರತಿ ತುತ್ತಿಗೂ ಮಿಮೂನ್ ಬಂದು ನಿನ್ನ ಎದುರಿಗೆ ಕೂರ್ಲಿ."

ಬೂಶ್ತಾ ನೆಲಕ್ಕೆ ಕುಸಿದ. ಅವಳು ತಿರುಗಿ ನೋಡಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಅಲ್ಲಾಲನ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. "ದಾರೀಲಿ ಒಂದು ರೊಟ್ಟಿ ಕೊಡ್ಸಿದ್ರೆ ಸಾಕಿತ್ತು, ಶಾಮಾ. ಇವು ಹಿಂಗೆ ಬಾಯಿ ಹಾಕ್ತಿರ್ಲಿಲ್ಲ."

"ತಪ್ಪು ನಂದೇ," ಎಂದಳು ಅವಳು. ಹಿಂದಿನ ಸೀಟಿನಲ್ಲಿ ಮಕ್ಕಳು ಹೊಟ್ಟೆ ತುಂಬಿ ಆಗಲೇ ತೂಕಡಿಸುತ್ತಿದ್ದರು.

ಚೂರಿಯನ್ನು ಅವಳ ಸೀಟಿನ ಅಡಿಗೆ ತುರುಕಲು ಅವನು ಬಾಗಿದ. ಬುಟ್ಟಿ ಅಡ್ಡ ಬಂತು. ಎಳೆದ. ಖಾಲಿ ಬುಟ್ಟಿ ಇಷ್ಟು ಭಾರ ಇರಬಾರದಿತ್ತು. ಮುಚ್ಚಿದ್ದ ಬಟ್ಟೆ ಸರಿಸಿದ.

ಒಳಗೆ ತೆತ್ವಾನಿನಲ್ಲಿ ಸುಟ್ಟ ಏಳು ರೊಟ್ಟಿ ಹಾಗೇ ಇದ್ದವು, ಜೊತೆಗೆ ಸಿಪ್ಪೆ ಸುಲಿಯದ ಮೊಟ್ಟೆಗಳು.