ಸುಟ್ಟ ಬದನೆಕಾಯಿ

ಎಲ್ಲಾದರೂ ಬದನೆಕಾಯಿ ಸುಡುವ ವಾಸನೆ ಬಂದರೆ ಈಗಲೂ ನನ್ನ ಮಣಿಕಟ್ಟು ಬಿಗಿಯುತ್ತದೆ.

ವಡೋದರದ ಗೋರ್ವಾದಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲಿತ್ತು. ಅಲ್ಲಿಂದ ಕುಂದಾಪುರದ ಅಜ್ಜಿಮನೆಗೆ ಸೈಕಲ್ಲಿನಲ್ಲೇ ಹೋಗುತ್ತೇನೆಂದು ಹಟಹಿಡಿದು ಹೊರಟ ಅಣ್ಣ, ಸೂರತ್ ದಾಟಿದ ಮೇಲೆ ಲಾರಿಯಡಿಗೆ ಸಿಕ್ಕಿ ತೀರಿಕೊಂಡ. ಅವನ ಕರ್ಮಗಳೆಲ್ಲ ಮುಗಿದ ಮರುದಿನ ಮಧ್ಯಾಹ್ನ, ಅಪಘಾತವಾದ ಜಾಗದ ಹತ್ತಿರವೇ ಹೆದ್ದಾರಿಯಲ್ಲಿ ಚಹಾದಂಗಡಿ ಇಟ್ಟಿದ್ದ ಮುದುಕನೊಬ್ಬ ಸೈಕಲ್ಲನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಸೊಟ್ಟಗಾಗಿದ್ದ ಚಕ್ರವನ್ನು ತಾನೇ ರಿಪೇರಿ ಮಾಡಿಸಿದ್ದ. ಸೀಟಿಗೆ ಎಣ್ಣೆ ಸವರಿ ಒರೆಸಿದ್ದ.

ಅಪ್ಪ ಅವನನ್ನು ಊಟಕ್ಕೆ ಕೂರಿಸಿದರು. ಅಮ್ಮ ಬಡಿಸುತ್ತಾ ತನ್ನ ಹರಕು ಹಿಂದಿಯಲ್ಲಿ ಒಂದೇ ಮಾತು ಕೇಳಿದಳು. ಹುಡುಗ ಏನಾದರೂ ತಿಂದಿದ್ದನಾ?

"ಪೇಟ್ ಭರ್ ಕೆ ಖಾಯಾ, ಬೆಹೆನ್" ಎಂದ ಮುದುಕ, ತಟ್ಟೆಯಿಂದ ತಲೆಯೆತ್ತದೆ. ಅಂಗಡಿಯ ಹಿಂದೆಯೇ ಅವನ ಮನೆಯಂತೆ. ಹೆಂಡತಿ ಸಜ್ಜೆ ರೊಟ್ಟಿ ತಟ್ಟಿ, ಬದನೆಕಾಯಿ ಸುಟ್ಟು ಪಲ್ಯ ಮಾಡಿದ್ದಳಂತೆ. ಅಣ್ಣ ಅದನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡು ಹೊಟ್ಟೆ ತುಂಬ ತಿಂದನಂತೆ.

ಬದನೆ ತಿಂದರೆ ಅಣ್ಣನ ಮುಖವೆಲ್ಲ ಬಾತುಕೊಳ್ಳುತ್ತಿತ್ತು. ನಮ್ಮ ಮನೆಯೊಳಗೆ ಅದನ್ನು ತರುತ್ತಲೇ ಇರಲಿಲ್ಲ.

"ಅಮ್ಮಾ, ಅಣ್ಣ ಬದನೆ ತಿಂತಾನೇ ಇರ್ಲಿ..." ಎಂದು ನಾನು ಕನ್ನಡದಲ್ಲಿ ಶುರುಮಾಡಿದೆ. ಅಮ್ಮ ನನ್ನ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು.

"ಸುಮ್ನಿರ್ ಮಗಾ. ಅವ್ರ್ ಉಣ್ಲಿ."

ಆಮೇಲೆ ಇನ್ನೊಂದು ಕೈಯಿಂದ ಮುದುಕನ ಅನ್ನಕ್ಕೆ ತುಪ್ಪ ಬಡಿಸಿ, ಹಿಂದಿಯಲ್ಲಿ ಹೇಳಿದಳು:

"ಹೌದು ಭಾಯಿ, ಅವನಿಗೆ ಬದನೆ ಅಂದರೆ ಪ್ರಾಣ."