ಉಸ್ತಾದರ ಮನೆಯ ಹೊಗೆ

ಗಾಡಿ ಎಲ್ಲೇ ಓಡಲಿ, ಅದರ ಹೊಗೆ ಏಳುವುದು ಎಂಜಿನ್ ಟ್ಯೂನ್ ಮಾಡಿ ಸಹಿ ಹಾಕಿದ ಮೆಕ್ಯಾನಿಕ್ಕಿನ ಮನೆಯಲ್ಲಿ. ಅದಕ್ಕೇ ಗೋಡೆಗೆ ಬಿಳಿ ಸುಣ್ಣ ಬಳಿಯುವ ಮೆಕ್ಯಾನಿಕ್ ನಮ್ಮೂರಲ್ಲಿ ಒಬ್ಬನೂ ಇಲ್ಲ.

ನನ್ನದು ಟ್ರ್ಯಾಕ್ಟರ್ ಕೆಲಸ. ಗಾಡಿ ಜೋರಾಗಿ ಜಗ್ಗಬೇಕು ಅನ್ನುತ್ತಾರೆ ಗಿರಾಕಿಗಳು. ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಬಿಟ್ಟರೆ ಜಗ್ಗುತ್ತದೆ, ಆದರೆ ಕರಿ ಹೊಗೆ ಬರುತ್ತದೆ. ನನ್ನ ಮನೆಯಲ್ಲಿ ಹಸುಗೂಸಿತ್ತು. ಅಂಥ ಹನ್ನೊಂದು ಟ್ರ್ಯಾಕ್ಟರಿಗೆ ನನಗೆ ಕೆಲಸ ಕಲಿಸಿದ ನನ್ನೇಸಾಬ್ ಉಸ್ತಾದರ ಸಹಿ ನಾನೇ ಹಾಕಿದೆ. ಅವರು ಪಾನಾ ಕೆಳಗಿಟ್ಟು ಕೆಲಸ ಬಿಟ್ಟು ಆರು ವರ್ಷವಾಗಿತ್ತು.

ಮೊನ್ನೆ ಅವರೇ ಹೇಳಿಕಳಿಸಿದರು. ಹೋದೆ. ಗೋಡೆಗಳು ರೊಟ್ಟಿ ಹಂಚಿನ ತಳದ ಹಾಗೆ ಕಪ್ಪಾಗಿದ್ದವು. ಉಸ್ತಾದರು ಕಿಟಕಿಗೆ ಮುಖ ಕೊಟ್ಟು ಕೆಮ್ಮುತ್ತಿದ್ದರು. ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಯಾವುದೋ ಹಳೇ ಗಾಡಿ ಕೆಟ್ಟ ಟ್ಯೂನ್ ಮಾಡೀನಪಾ," ಅಂದರು. "ಕಡೀಕಡೀಗೆ ನನ್ನ ಕೈ ನಡುಗತಿತ್ತು. ಯಾರಿಗೂ ಹೇಳಿರಲಿಲ್ಲ. ನೀ ಹುಡುಕಿ ಸರಿ ಮಾಡ್ತೀಯೇನು?"

"ಮಾಡ್ತೀನ್ರಿ ಉಸ್ತಾದ್."

ಅವರು ತಲೆ ತಗ್ಗಿಸಿ ನನ್ನ ಕೈ ಹಿಡಿದುಕೊಂಡರು. "ಮಂದಿ ಮುಂದ ನನ್ನ ಹೆಸರು ಹೇಳಬ್ಯಾಡಪಾ. ನಾಚಿಕಿ ಆಗತೈತಿ."

"ಹೇಳಂಗಿಲ್ರಿ," ಅಂದೆ.

ನನ್ನ ಹೆಸರನ್ನೂ ಹೇಳಲಿಲ್ಲ.